ನಮ್ಮ ಕಿರುಪ್ರಬಂಧಗಳನ್ನು ಯಾರಾದರೂ ಓದಲಿ: ಕುಲಪತಿಗಳಿಗೊಂದು ಬಹಿರಂಗ ಪತ್ರ

ರಾಜ್ಯದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ,

ನಮಸ್ಕಾರಗಳು.

ಈಚೆಗೆ ಇತಿಹಾಸದಲ್ಲಿ ಎಂ.ಎ. ಮುಗಿಸಿದವಳು ನಾನು. ಕೊನೆಯ ಸೆಮಿಸ್ಟರ್‌ನ ಕಿರುಪ್ರಬಂಧಕ್ಕೆ ಒಳ್ಳೆಯ ಅಂಕಗಳೇ ಬಂದಿವೆ; ಆದ್ದರಿಂದ ಅಂಕ ಕಳೆದುಕೊಂಡವಳ ಗೋಳೆಂದು ಈ ಪತ್ರವನ್ನು ಪಕ್ಕಕ್ಕಿಡಬೇಡಿ. ನನ್ನ ವಿಶ್ವವಿದ್ಯಾಲಯ ಯಾವುದೆಂದು ಬರೆಯುತ್ತಿಲ್ಲ. ಬರೆದರೆ ಒಬ್ಬ ಕುಲಪತಿಗಳು ಸಿಟ್ಟಾಗುತ್ತಾರೆ, ಉಳಿದವರೆಲ್ಲ ನಿರಾಳರಾಗುತ್ತಾರೆ. ಬೇರೆ ಬೇರೆ ಊರುಗಳಲ್ಲಿ ಓದುತ್ತಿರುವ ಗೆಳತಿಯರನ್ನು ವಿಚಾರಿಸಿದ ಮೇಲೆ, ಹಾಗೆ ನಿರಾಳರಾಗಲು ಯಾರಿಗೂ ಕಾರಣವಿಲ್ಲ ಎನ್ನಿಸಿದೆ.

ಹೇಳಬೇಕಾದದ್ದು ದೊಡ್ಡದೇನಲ್ಲ. ನಾನು ಬರೆದದ್ದನ್ನು ಯಂತ್ರವೊಂದು ಅಳೆಯಿತು, ಅಂಗಡಿಯವರು ಬೈಂಡ್ ಮಾಡಿದರು, ಪತ್ರಿಕೆಯೊಂದು ಹಣ ಕೇಳಿತು, ಪರೀಕ್ಷಕರು ಸಹಿ ಹಾಕಿದರು. ನನ್ನ ಮಾರ್ಗದರ್ಶಕಿಯೊಬ್ಬರನ್ನು ಬಿಟ್ಟರೆ ಈ ದಾರಿಯಲ್ಲಿ ಸಿಕ್ಕ ಯಾರೂ ಅದನ್ನು ಓದಲಿಲ್ಲ.

ಓದದೆ ಬಿಟ್ಟದ್ದು ಏನೆಂದು ಮೊದಲು ಹೇಳುತ್ತೇನೆ, ಅದು ನನಗೆ ಇಷ್ಟದ ಭಾಗ. ನನ್ನ ವಿಷಯ ಮುಳಬಾಗಿಲು ಸೀಮೆಯ ಒಂದು ಕೆರೆ ಮತ್ತು ಅದರ ನೀರುಗಂಟಿಗಳು, ಅಂದರೆ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವರು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್ ಎಂಬ ಹೆಸರು ಭೂಪಟದಲ್ಲಿದೆ. ನೆಲದ ಮೇಲೆ ಅದು ಬಹುಮಟ್ಟಿಗೆ ಕೆರೆಗಳ ಸಾಲು, ಮೇಲಿನದು ಕೋಡಿ ಹರಿದರೆ ಕೆಳಗಿನದು ತುಂಬಬೇಕು. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ (ಬೆಂಗಳೂರಿನ ಸ್ಯಾಂಕಿ ಕೆರೆಗೆ ಇವರದೇ ಹೆಸರು), ಸಂಸ್ಥಾನದ ಸುಮಾರು ಶೇ 60ರಷ್ಟು ನೆಲ ಕೆರೆಗಳ ವ್ಯವಸ್ಥೆಗೆ ಸೇರಿದೆ, ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಬುದ್ಧಿ ಖರ್ಚು ಮಾಡಬೇಕು ಎಂಬರ್ಥದಲ್ಲಿ ಬರೆದಿದ್ದರು. ಮೈಸೂರಿನ ಕೆರೆಗಳ ಬಗ್ಗೆ ಬರೆಯುವವರಲ್ಲಿ ಈ ಮಾತನ್ನು ಎತ್ತಿಕೊಳ್ಳದವರು ಅಪರೂಪ. ನಾನೂ ಎತ್ತಿಕೊಂಡೆ. ಅದರ ಪರಿಣಾಮ ಮುಂದೆ ಹೇಳುತ್ತೇನೆ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ, 1905ರಲ್ಲಿ ಬಂದದ್ದು, ಕೋಲಾರ ಜಿಲ್ಲೆಯ ಶಾಸನಗಳದು. ಅದನ್ನು ತಿರುವಿದರೆ ಕೆರೆಗಳ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಗೆ, ಕೆರೆಯನ್ನು ಕಾಪಾಡಿಕೊಂಡು ಬರಲು ಅಚ್ಚುಕಟ್ಟಿನಲ್ಲಿ ಬಿತ್ತುವಟ್ಟ, ಎರಡೂ ಭೂಮಿಯ ದತ್ತಿಗಳು. ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಬಿರುದುಗಳು, ಸಾಕ್ಷಿಗಳು, ಎಲ್ಲವೂ ಕಲ್ಲಿನ ಮೇಲಿವೆ. ಹಾಗೆ ಕಟ್ಟಿದ ಕೆರೆಯ ತೂಬನ್ನು ದಿನವೂ ಎತ್ತಿ ಇಳಿಸಿದವನ ಹೆಸರು ನಾನು ನೋಡಿದ ಒಂದು ಶಾಸನದಲ್ಲೂ ಸಿಗಲಿಲ್ಲ. ನನ್ನ ಕಿರುಪ್ರಬಂಧ ಈ ಒಂದು ಗೈರುಹಾಜರಿಯ ಬಗ್ಗೆ ಇತ್ತು.

ಕಲ್ಲಿನಲ್ಲಿ ಇಲ್ಲದವನನ್ನು ಹುಡುಕಲು ಊರಿಗೇ ಹೋಗಬೇಕು. ತಲೆಮಾರುಗಳಿಂದ ನೀರುಗಂಟಿ ಕೆಲಸ ಮಾಡಿಕೊಂಡು ಬಂದ ಮನೆಯ ಹಿರಿಯರೊಬ್ಬರು ನನ್ನನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿ ಹಳೆಯ ತೂಬು ತೋರಿಸಿದರು. ಎರಡು ಕಲ್ಲುಕಂಬ, ನಡುವೆ ತೂತು ಕೊರೆದ ಕಲ್ಲಿನ ಅಡ್ಡಪಟ್ಟಿಗಳು, ಆ ತೂತಿನಲ್ಲಿ ಒಂದು ಕಾಲಕ್ಕೆ ಉದ್ದನೆಯ ಮರದ ಗೂಟ ಇಳಿದಿರುತ್ತಿತ್ತಂತೆ. ಈಗ ಗೂಟವಿಲ್ಲ, ಕಂಬವೊಂದು ವಾಲಿದೆ.

"ಎಷ್ಟು ನೀರು ಬಿಡಬೇಕೆಂದು ಹೇಗೆ ತೀರ್ಮಾನ ಮಾಡುತ್ತಿದ್ದಿರಿ ತಾತ?" ಎಂದು ಕೇಳಿದೆ.

ಅವರು ಏರಿಯ ಒಳಮೈಯ ಕಲ್ಲುಮೆಟ್ಟಿಲುಗಳನ್ನು ಕೋಲಿನಿಂದ ತೋರಿಸಿದರು. "ಆ ಮೂರನೆಯ ಮೆಟ್ಟಿಲು ಮುಳುಗಿದರೆ ಭತ್ತ, ಮುಳುಗದಿದ್ದರೆ ರಾಗಿ. ನೀರು ತೀರಾ ಕಡಿಮೆಯಾದ ವರ್ಷ ದೊಡ್ಡವರ ಗದ್ದೆಯಾಗಲಿ ಚಿಕ್ಕವರ ಗದ್ದೆಯಾಗಲಿ, ಎಲ್ಲರದರಲ್ಲೂ ಒಂದೊಂದು ಪಾಲಿಗೆ ಮಾತ್ರ."

"ಮೇಲಿನ ಗದ್ದೆಯವರು ರಾತ್ರಿ ಬಂದು ಮಡೆ ಒಡೆದುಕೊಂಡರೆ?"

"ಬೆಳಗ್ಗೆ ನಾನೇ ಕಟ್ಟುತ್ತಿದ್ದೆ. ಬೈಗುಳವೂ ನನಗೇ." ಸ್ವಲ್ಪ ಹೊತ್ತು ಬಿಟ್ಟು, "ಊರ ಗದ್ದೆಗೆಲ್ಲ ನೀರು ಬಿಟ್ಟವನು ನಾನು ಕಣಮ್ಮ. ಊರ ಬಾವಿಯ ಹತ್ತಿರ ಹೋದರೆ ಮಾತ್ರ ಯಾರಾದರೂ ಸೇದಿ ಹೊಯ್ಯುವ ತನಕ ನಿಲ್ಲಬೇಕಿತ್ತು" ಎಂದರು.

ಕೂಲಿ ಹಣದಲ್ಲಿ ಇರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ತಮ್ಮ ಪಾಲಿನ ಧಾನ್ಯ ಪಡೆಯಬೇಕಿತ್ತು. ಬೋರ್‌ವೆಲ್ ಬಂದ ಮೇಲೆ ಕೆರೆಯನ್ನು ಕೇಳುವವರು ಕಡಿಮೆಯಾದರು, ಕಣದಲ್ಲಿ ಪಾಲು ಕೊಡುವವರೂ ಕಡಿಮೆಯಾದರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಆದರೆ ಅದು ಅಂತರ್ಜಲ ಮರುಪೂರಣಕ್ಕೆಂದು ಬಿಡುವ ನೀರು, ತೂಬು ಎತ್ತಿ ನೇರವಾಗಿ ಗದ್ದೆಗೆ ಹರಿಸುವಂತಿಲ್ಲ. ಕೆರೆ ತುಂಬಿದರೂ ನೀರುಗಂಟಿಗೆ ಕೆಲಸವಿಲ್ಲದ ಕಾಲ ಇದು. ಮೂರನೆಯ ಮೆಟ್ಟಿಲಿನ ಲೆಕ್ಕ ಎಲ್ಲೂ ಬರೆದಿಟ್ಟದ್ದಲ್ಲ. ಆ ತಾತನ ನಂತರ ಅದು ನನ್ನ ಕಿರುಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಮಾತ್ರ ಉಳಿಯುತ್ತದೆ, ಆ ಕಿರುಪ್ರಬಂಧ ಉಳಿದರೆ.

ಇನ್ನು ಯಂತ್ರದ ವಿಚಾರ.

ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶಕ್ಕೆ ನನ್ನ ಪ್ರಬಂಧವನ್ನು ಉಣಿಸಿದಾಗ ಶೇ 34ರಷ್ಟು ಹೋಲಿಕೆ ಇದೆಯೆಂದು ವರದಿ ಬಂತು. ಮಿತಿ ಶೇ 10. ಕೆಂಪು ಬಣ್ಣ ಬಳಿದ ಪುಟಗಳನ್ನು ನನ್ನ ಮಾರ್ಗದರ್ಶಕಿ ಮೇಡಂ ಮತ್ತು ನಾನು ಪಕ್ಕಪಕ್ಕ ಕುಳಿತು ನೋಡಿದೆವು. ಮೊದಲ ಕೆಂಪು ಗೆರೆ ಪ್ರಮಾಣಪತ್ರದ ಪುಟದಲ್ಲೇ ಇತ್ತು: ಈ ಪ್ರಬಂಧವು ನನ್ನ ಸ್ವಂತ ಕೃತಿಯೆಂದು ದೃಢೀಕರಿಸುತ್ತೇನೆ ಎಂಬ ವಾಕ್ಯ ಕದ್ದದ್ದಂತೆ! ಆ ನಮೂನೆಯನ್ನು ಕೊಟ್ಟು, ಒಂದಕ್ಷರ ಬದಲಿಸಬಾರದೆಂದು ತಾಕೀತು ಮಾಡಿದ್ದು ವಿಶ್ವವಿದ್ಯಾಲಯವೇ. ಸ್ಯಾಂಕಿಯವರ ಮಾತು ಸಹಜವಾಗಿಯೇ ಕೆಂಪಾಗಿತ್ತು. ಆಮೇಲೆ ಶಾಸನಗಳು. ವಿಜಯನಗರ ಕಾಲದ ಎಷ್ಟೋ ಶಾಸನಗಳು ‘ನಮಸ್ತುಂಗ ಶಿರಶ್ಚುಂಬಿ’ ಎಂಬ ಶ್ಲೋಕದಿಂದ ಆರಂಭವಾಗುತ್ತವೆ. ಆ ಶ್ಲೋಕ ಏಳನೆಯ ಶತಮಾನದ ಬಾಣಭಟ್ಟನದು. ಶಾಸನ ಬರೆಸಿದ ಯಾವ ಅರಸನೂ ಅಡಿಟಿಪ್ಪಣಿ ಕೊಟ್ಟಿಲ್ಲ. ಈಗ ಆ ಲೆಕ್ಕವೂ ನನ್ನ ತಲೆಯ ಮೇಲೆ ಬಂತು.

ಎಲ್ಲಕ್ಕಿಂತ ಗಾಢವಾಗಿ ಕೆಂಪಾಗಿದ್ದದ್ದು ಶಾಸನದ ಕೊನೆಯ ಶಾಪಾಶಯ. ‘ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ’ ಎಂದು ಶುರುವಾಗುವ ಅದನ್ನು ಶಾಸನ ಓದುವವರು ಬಾಯಿಪಾಠ ಹೇಳಬಲ್ಲರು. ತಾನು ಕೊಟ್ಟ ಭೂಮಿಯನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಎಚ್ಚರಿಕೆ. ಕದಿಯಬೇಡಿ ಎಂದು ಶಪಿಸುವ ಶ್ಲೋಕವನ್ನೇ ಕದ್ದ ಮಾಲೆಂದು ಯಂತ್ರ ಹಿಡಿದುಹಾಕಿತು. ನಾವಿಬ್ಬರೂ ನಕ್ಕೆವು. ಕಚೇರಿಯಲ್ಲಿ ಯಾರೂ ನಗಲಿಲ್ಲ. "ಶಾಸನವನ್ನು ನಿಮ್ಮ ಸ್ವಂತ ವಾಕ್ಯದಲ್ಲಿ ಬರೆದುಕೊಂಡು ಬನ್ನಿ" ಎಂದರು.

ಮಾನ್ಯರೇ, ಈ ಶೇ 10ರ ಮಿತಿ ಎಲ್ಲಿಂದ ಬಂತೆಂದು ಹುಡುಕಿ ಓದಿದ್ದೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ತಡೆ ನಿಯಮಾವಳಿ ಶೇ 10ರವರೆಗೆ ದಂಡನೆ ಇಲ್ಲ, 10ರಿಂದ 40ರವರೆಗೆ ತಿದ್ದಿ ಮರುಸಲ್ಲಿಕೆ ಎಂದು ಹಂತ ಹಂತವಾಗಿ ಹೇಳುತ್ತದೆ. ಅದೇ ನಿಯಮಾವಳಿಯಲ್ಲಿ, ಮೂಲವನ್ನು ಸೂಚಿಸಿ ಕೊಟ್ಟ ಉಲ್ಲೇಖಗಳು, ಆಕರಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಸಾಮಾನ್ಯ ಪದಗಳು ಇವನ್ನೆಲ್ಲ ಹೋಲಿಕೆಯ ಲೆಕ್ಕದಿಂದ ಹೊರಗಿಡಬೇಕೆಂದೂ ಇದೆ. ಕಾಕತಾಳೀಯವಾಗಿ ಒಂದೇ ಆಗುವ, 14 ಪದಗಳವರೆಗಿನ ಸಾಲನ್ನೂ ಬಿಡಬೇಕೆಂದಿದೆ. ನಿಯಮದ ಅಂಕಿ ನಮ್ಮ ಕಚೇರಿಗಳಿಗೆ ತಲುಪಿದೆ, ನಿಯಮ ತಲುಪಿಲ್ಲ. ವರದಿಯನ್ನು ಮುದ್ರಿಸಿ ಕೊಡುವವರಿಗೆ ಕಾಣುವುದು ಮೂಲೆಯಲ್ಲಿರುವ ಅಂಕಿಯೊಂದೇ. ಅದರ ಕೆಳಗಿನ ಪುಟಗಳನ್ನು ತಿರುವಿ, ಇದು ಉಲ್ಲೇಖ, ಇದು ಕಳವು ಎಂದು ಬೇರ್ಪಡಿಸುವ ಹೊಣೆ ಯಾರದೂ ಅಲ್ಲ.

ಇದರ ಇನ್ನೊಂದು ಮುಖ ನಿಮಗೆ ಗೊತ್ತಿರಲೇಬೇಕು. ನಾನು ಟೈಪ್ ಮಾಡಿದ್ದು ಯುನಿಕೋಡ್‌ನಲ್ಲಿ, ಮುಂದೆ ಯಾರಾದರೂ ಹುಡುಕಿದರೆ ಸಿಗಲಿ ಎಂಬ ಆಸೆಯಿಂದ. ನನ್ನ ವರದಿಯನ್ನು ನೋಡಿದ ಡಿಟಿಪಿ ಅಂಗಡಿಯ ಹುಡುಗ ಮರುಕದಿಂದ, "ನುಡಿಗೆ ಬದಲಾಯಿಸಿ ಕೊಡಲೇ ಮೇಡಂ? ಸೊನ್ನೆ ಬರುತ್ತದೆ" ಎಂದ. ಅವನು ಹೇಳಿದ್ದು ನಿಜ. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವುದು ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡ್‌ನಲ್ಲಿರುವ ಒಂದು ಲೇಖನವನ್ನು ಇಡಿಯಾಗಿ ಎತ್ತಿ ಆ ಫಾಂಟಿಗೆ ಬದಲಾಯಿಸಿ ಕೊಟ್ಟರೆ ಯಂತ್ರಕ್ಕೆ ಹೋಲಿಸಲು ಏನೂ ಸಿಗುವುದಿಲ್ಲ. ಎಐ ಬರೆದುಕೊಟ್ಟದ್ದಕ್ಕೂ ಇದೇ ಅಭಯ, ಎಲ್ಲೂ ಪ್ರಕಟವಾಗದ ವಾಕ್ಯ ಯಾವುದಕ್ಕೂ ಹೋಲುವುದಿಲ್ಲ. ಅದೇ ಅಂಗಡಿಯಲ್ಲಿ ಹಿಂದಿನ ವರ್ಷಗಳ ಪ್ರಬಂಧಗಳು ವಿಷಯವಾರು ಸಿಗುತ್ತವೆ. ಹೆಸರು, ನೋಂದಣಿ ಸಂಖ್ಯೆ, ಮಾರ್ಗದರ್ಶಕರ ಹೆಸರು ಬದಲಿಸಿದರೆ ಕೆಲಸ ಮುಗಿಯಿತು, ಬೈಂಡಿಂಗ್ ಸೇರಿ ಇಂತಿಷ್ಟು ಎಂದು ದರವಿದೆ. ಕದ್ದವರು ಸಲೀಸಾಗಿ ದಾಟಿ ಹೋಗುವ, ಉಲ್ಲೇಖ ಕೊಟ್ಟವರು ಸಿಕ್ಕಿಬೀಳುವ ಈ ಬಲೆಯನ್ನು ಹೆಣೆದವರಿಗೆ ಮೀನಿನ ಪರಿಚಯವಿಲ್ಲ.

ಕೊನೆಗೆ ಮೇಡಂ ಒಂದು ಉಪಾಯ ಮಾಡಿದರು. ಶಾಸನ ಪಾಠಗಳನ್ನೆಲ್ಲ ತೆಗೆದು, ಅಚ್ಚಾದ ಪುಟಗಳ ಛಾಯಾಚಿತ್ರ ಅಂಟಿಸಿದೆವು. ಚಿತ್ರವನ್ನು ಯಂತ್ರ ಓದುವುದಿಲ್ಲ. ಅಂಕಿ ಮಿತಿಯ ಒಳಗೆ ಬಂತು, ಎಲ್ಲರಿಗೂ ಸಮಾಧಾನವಾಯಿತು. ಈಗ ನನ್ನ ಪ್ರಬಂಧದ ಕಡತದಲ್ಲಿ ‘ಬಿತ್ತುವಟ್ಟ’ ಎಂದು ಹುಡುಕಿದರೆ ಶಾಸನದ ಒಂದು ಸಾಲೂ ಸಿಗುವುದಿಲ್ಲ.

ಮೇಡಂ ಬಗ್ಗೆ ಒಂದು ಮಾತು. ಅವರು ಅತಿಥಿ ಉಪನ್ಯಾಸಕಿ. ತರಗತಿಗಳ ಜೊತೆಗೆ ನಮ್ಮಂಥ ಹಲವರ ಕಿರುಪ್ರಬಂಧಗಳ ಹೊರೆ ಅವರ ಮೇಲಿದೆ, ಅದಕ್ಕೆ ಪ್ರತ್ಯೇಕವಾಗಿ ಒಂದು ರೂಪಾಯಿಯೂ ಇಲ್ಲ. ಇರುವ ಗೌರವಧನವೂ ತಿಂಗಳುಗಟ್ಟಲೆ ತಡವಾಗುತ್ತದೆ. ಆದರೂ ನನ್ನ ಕರಡಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ "ತಾತ ಹೇಳಿದ್ದನ್ನು ಕರಣಿಕರ ಲೆಕ್ಕದೊಂದಿಗೆ ತಾಳೆ ನೋಡಿದ್ದೀಯಾ?" ಎಂದು ಬರೆದವರು ಅವರು. ಸಂಶೋಧನೆ ಎಂದರೇನೆಂದು ನಾನು ಕಲಿತದ್ದು ಆ ಅಂಚಿನಿಂದ, ಸಂಶೋಧನಾ ವಿಧಾನದ ಪಾಠದಿಂದಲ್ಲ. ತಾಳೆ ನೋಡಲು ಹೋದಾಗ ಭೂದಾಖಲೆಗಳಲ್ಲಿ ನೀರುಗಂಟಿಯ ಇನಾಮಿನ ತುಂಡುಭೂಮಿ ಸಿಕ್ಕಿತು, ಅದು ಯಾರ ಕೈಸೇರಿತೆಂಬುದೂ ಸಿಕ್ಕಿತು. ಅದು ನಾಲ್ಕನೆಯ ಅಧ್ಯಾಯವಾಯಿತು.

ಪತ್ರಿಕೆಯ ಪ್ರಸಂಗವನ್ನು ಬೇಗ ಮುಗಿಸುತ್ತೇನೆ, ಅದರಲ್ಲಿ ತಿಳಿಯಬೇಕಾದದ್ದು ಹೆಚ್ಚಿಲ್ಲ. ಕಿರುಪ್ರಬಂಧದಿಂದ ಒಂದು ಲೇಖನ ತೆಗೆದು, ಐಎಸ್‌ಎಸ್‌ಎನ್ ಸಂಖ್ಯೆ ಇರುವ ನಿಯತಕಾಲಿಕದಲ್ಲಿ ಪ್ರಕಟಿಸಿ, ಸ್ವೀಕೃತಿ ಪತ್ರ ಲಗತ್ತಿಸಬೇಕೆಂದು ವಿಭಾಗದ ಸೂಚನೆ. ಒಂದು ಪತ್ರಿಕೆಗೆ ಕಳುಹಿಸಿದೆ. ಮರುದಿನವೇ ಇಬ್ಬರು ತಜ್ಞರು ಪರಿಶೀಲಿಸಿ ಒಪ್ಪಿದ್ದಾರೆಂಬ ಪತ್ರ, ಜೊತೆಗೆ ಹಣ ಪಾವತಿಸುವ ಕ್ಯೂಆರ್ ಕೋಡ್ ಬಂದವು. ಆ ತಜ್ಞರ ಒಂದು ಪ್ರಶ್ನೆಯೂ ಇರಲಿಲ್ಲ, ಒಂದು ಅಲ್ಪವಿರಾಮದ ತಿದ್ದುಪಡಿಯೂ ಇರಲಿಲ್ಲ. ಐಎಸ್‌ಎಸ್‌ಎನ್ ಎಂಬುದು ನಿಯತಕಾಲಿಕವನ್ನು ಗುರುತಿಸಲು ಕೊಡುವ ಸಂಖ್ಯೆ. ಅರ್ಜಿ ಹಾಕಿದರೆ ಉಚಿತವಾಗಿ ಸಿಗುತ್ತದೆ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಪಿಎಚ್.ಡಿ. ಮಾಡುವವರಿಗೇ ಪ್ರಬಂಧ ಸಲ್ಲಿಕೆಗೆ ಮುನ್ನ ಲೇಖನ ಪ್ರಕಟಿಸಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಗಳಲ್ಲಿ ಕೈಬಿಟ್ಟಿದೆ. ಒಳ್ಳೆಯ ಪತ್ರಿಕೆಗಳೆಂದು ಪಟ್ಟಿ ಮಾಡುತ್ತಿದ್ದ ಯುಜಿಸಿ ಕೇರ್ ವ್ಯವಸ್ಥೆಯೂ 2025ರ ಫೆಬ್ರುವರಿಯಲ್ಲಿ ನಿಂತಿತು. ಪಿಎಚ್.ಡಿ.ಗೆ ಬೇಡವಾದದ್ದು ಎಂ.ಎ.ಗೆ ಏಕೆ ಬೇಕು? ಕೂಲಿ ಮಾಡುವ ಅಪ್ಪ ಅಮ್ಮನಿಂದ ಹಣ ತರಿಸಿಕೊಂಡು ಈ ಸ್ವೀಕೃತಿ ಪತ್ರ ಖರೀದಿಸಿದ ಸಹಪಾಠಿಗಳನ್ನು ನಾನು ಬಲ್ಲೆ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ನಮ್ಮ ಪ್ರಬಂಧಗಳು ಚಿನ್ನದ ಬಣ್ಣದ ಅಕ್ಷರಗಳನ್ನು ತೋರಿಸುತ್ತ ಮೇಜಿನ ಮೇಲೆ ಪೇರಿಸಿದ್ದವು. ಸಂಜೆಯ ಬಸ್ಸು ಹೊರಡುವುದರೊಳಗೆ ಅವರು ಅಷ್ಟನ್ನೂ ಮುಗಿಸಬೇಕಿತ್ತು, ತಪ್ಪು ಅವರದೂ ಅಲ್ಲ. ನನ್ನದನ್ನು ತೆರೆದು, ದೃಢೀಕರಣ ಪುಟದಲ್ಲಿ ವಿಭಾಗದ ಮುದ್ರೆ ಇದೆಯೇ ಎಂದು ನೋಡಿದರು. ಆಕರಗ್ರಂಥಗಳ ಪಟ್ಟಿ ನೋಡಿದರು. "ಊರಿನವರು ಹೇಳಿದ್ದಕ್ಕೆ ಪುಸ್ತಕದ ಆಧಾರ ಇದೆಯೇ?" ಎಂದು ಕೇಳಿದರು. ಪುಸ್ತಕದಲ್ಲಿ ಇಲ್ಲವೆಂಬ ಕಾರಣಕ್ಕೇ ಊರಿಗೆ ಹೋದೆ ಎಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರ ಹೆಸರು ಕರೆದರು.

ಹೀಗೆ ಪಾಸಾದ ಪ್ರಬಂಧಗಳು ಎಲ್ಲಿ ಹೋಗುತ್ತವೆಂದು ನೀವು ಒಮ್ಮೆ ನೋಡಿ ಬರಬೇಕು. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ಜಾಲತಾಣ ಇದೆ, ಜಗತ್ತಿನ ಯಾವ ಮೂಲೆಯಲ್ಲಿ ಕುಳಿತಾದರೂ ಓದಬಹುದು. ಎಂ.ಎ. ಕಿರುಪ್ರಬಂಧಗಳಿಗೆ ನಮ್ಮಲ್ಲಿ ಇರುವುದು ವಿಭಾಗದ ಹಿಂಭಾಗದ ಒಂದು ಕೋಣೆ. ಹಳೆಯ ಬೆಂಚುಗಳ ಮೇಲೆ, ಕೆಳಗೆ, ಗೋಣಿಚೀಲಗಳಲ್ಲಿ ಅವು ತುಂಬಿವೆ. ಬೀಗದ ಕೈ ಇರುವ ಅಟೆಂಡರ್ ಅಣ್ಣ, ಜಾಗ ಸಾಲದಾದಾಗ ರದ್ದಿಗೆ ಹೋಗುತ್ತದೆ ಎಂದು ಸಹಜವಾಗಿಯೇ ಹೇಳಿದರು. ಮಾರ್ಗದರ್ಶಕಿಯ ಶಿಫಾರಸು ಹಿಡಿದು ಒಳಗೆ ಹೋದ ನಾನು ಮಧ್ಯಾಹ್ನವೆಲ್ಲ ಧೂಳು ಕೊಡವುತ್ತ ಕುಳಿತೆ. ಅರ್ಧಕ್ಕರ್ಧ ಅಂಗಡಿಯ ಸರಕು, ಅನುಮಾನವಿಲ್ಲ. ಆದರೆ ಉಳಿದವುಗಳಲ್ಲಿ ಯಾರೋ ತಮ್ಮ ಊರಿನ ಸಂತೆಯ ಸುಂಕದ ಹರಾಜಿನ ಲೆಕ್ಕ ಬರೆದಿದ್ದರು. ಯಾರೋ ಅಜ್ಜಿಯ ಬಾಯಿಂದ ಪ್ಲೇಗು ಬಂದಾಗ ಊರು ಬಿಟ್ಟ ಕಥೆ ಬರೆದುಕೊಂಡಿದ್ದರು. ಮುಚ್ಚಿಹೋದ ರೇಷ್ಮೆ ನೂಲು ಬಿಚ್ಚುವ ಘಟಕವೊಂದರ ಕೂಲಿಪುಸ್ತಕದ ಪುಟಗಳನ್ನು ಒಬ್ಬ ಹುಡುಗಿ ಹಾಗೆಯೇ ನಕಲು ಮಾಡಿ ಅನುಬಂಧದಲ್ಲಿ ಸೇರಿಸಿದ್ದಳು. ಇವು ಯಾವ ಗ್ಯಾಸೆಟಿಯರಿನಲ್ಲೂ ಇಲ್ಲ, ಯಾವ ಪ್ರಾಧ್ಯಾಪಕರೂ ಬರೆದಿಲ್ಲ. ಆ ಊರಿನ ಮಗಳೋ ಮಗನೋ ಆದ್ದರಿಂದ ಮಾತ್ರ ಸಿಕ್ಕ ಸಂಗತಿಗಳು. ನಮ್ಮ ಸರ್ಕಾರಿ ಕಾಲೇಜುಗಳಿಗೆ ಬರುವವರು ಇಂಥ ಊರುಗಳಿಂದಲೇ ಬರುತ್ತಾರೆ. ಅವರ ಕೈಯಲ್ಲಿ ಬರೆಸಿದ್ದನ್ನು ತೂಕಕ್ಕೆ ಹಾಕಲಾಗುತ್ತಿದೆ.

ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಲ್ಲಿ ಕೇಂದ್ರವು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮೀಸಲಿಟ್ಟು, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಅಂತರರಾಷ್ಟ್ರೀಯ ನಿಯತಕಾಲಿಕಗಳನ್ನು ತೆರೆದಿಟ್ಟಿದೆ. ಒಳ್ಳೆಯದೇ; ಅದರ ನೆರವಿನಿಂದ ದಕ್ಷಿಣ ಭಾರತದ ಕೆರೆಗಳ ಬಗ್ಗೆ ಕೆಲವು ಲೇಖನಗಳನ್ನು ನಾನೂ ಓದಿದೆ. ಆದರೆ ನನ್ನ ಪಕ್ಕದ ತಾಲ್ಲೂಕಿನ ಕೆರೆಯ ಬಗ್ಗೆ ಹಿಂದೊಮ್ಮೆ ನಮ್ಮ ವಿಭಾಗದಲ್ಲೇ ಯಾರೋ ಬರೆದಿದ್ದರೆಂದು ಗೊತ್ತಾದದ್ದು, ಪ್ರಬಂಧ ಸಲ್ಲಿಸಿದ ಮೇಲೆ, ಆ ಗೋಣಿಚೀಲದಿಂದ.

ಹೊಸ ಕಟ್ಟಡ, ಹೊಸ ಸಮಿತಿ ಯಾವುದನ್ನೂ ನಾನು ಕೇಳುತ್ತಿಲ್ಲ. ಮುಂದಿನ ಸಾಲಿನ ಕಿರುಪ್ರಬಂಧದ ಸುತ್ತೋಲೆ ಹೊರಡುವ ಮುನ್ನ ಅದರಲ್ಲಿ ಕೆಲವು ಸಾಲುಗಳನ್ನು ಬದಲಿಸಿ. ಐಎಸ್‌ಎಸ್‌ಎನ್ ಲೇಖನದ ಸಾಲನ್ನು ಹೊಡೆದುಹಾಕಿ. ಹೋಲಿಕೆಯ ವರದಿಯ ಅಂಕಿಯ ಜೊತೆಗೆ, ಕೆಂಪಾದ ಭಾಗಗಳನ್ನು ನೋಡಿ ಉಲ್ಲೇಖಗಳನ್ನು ಹೊರಗಿಟ್ಟಿದ್ದೇನೆ ಎಂದು ಮಾರ್ಗದರ್ಶಕರು ಬರೆದು ಸಹಿ ಮಾಡಲಿ. ಉಲ್ಲೇಖಗಳನ್ನು ಹೊರಗಿಡಬೇಕೆಂದು ಯುಜಿಸಿಯ ನಿಯಮವೇ ಹೇಳುತ್ತದೆ. ಪ್ರಬಂಧವು ಯುನಿಕೋಡ್‌ನಲ್ಲಿರಬೇಕೆಂದು ಕಡ್ಡಾಯ ಮಾಡಿ, ಅಂಗಡಿಯ ವ್ಯಾಪಾರ ಅರ್ಧ ಅಲ್ಲೇ ನಿಲ್ಲುತ್ತದೆ. ಪರೀಕ್ಷಕರಿಗೆ ಪ್ರಬಂಧಗಳನ್ನು ಪರೀಕ್ಷೆಯ ದಿನ ಕೊಡುವ ಬದಲು ಎರಡು ವಾರ ಮೊದಲೇ ಕಳುಹಿಸಿ, ಓದಿದ್ದಕ್ಕೆ ಸಂಭಾವನೆ ಕೊಡಿ, ಅತಿಥಿ ಉಪನ್ಯಾಸಕರಿಗೂ ಕೊಡಿ. ಪಾಸಾದ ಪ್ರಬಂಧದ ಕಡತವನ್ನು ಗ್ರಂಥಾಲಯದ ಜಾಲತಾಣದಲ್ಲಿ ಹಾಕಿ. ಅಷ್ಟಾಗದಿದ್ದರೆ ಶೀರ್ಷಿಕೆ, ಊರು, ವರ್ಷ ಇರುವ ಒಂದು ಪಟ್ಟಿಯನ್ನಾದರೂ ಹಾಕಿ. ಹಾಗೆಯೇ ಯಾವ ಊರಿನ ಬಗ್ಗೆ ಬರೆದದ್ದೋ ಆ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಂದು ಪ್ರತಿ ಹೋಗಲಿ. ನಾವು ಹೇಗಿದ್ದರೂ ಮೂರು ಪ್ರತಿ ಬೈಂಡ್ ಮಾಡಿಸುತ್ತೇವೆ, ಅದರಲ್ಲಿ ಒಂದು ಗೋಣಿಚೀಲಕ್ಕೆ ಹೋಗುವ ಬದಲು ಅಲ್ಲಿಗೆ ಹೋಗುತ್ತದೆ.

ಈ ಪತ್ರದ ಜೊತೆ ನನ್ನ ಕಿರುಪ್ರಬಂಧದ ಮೂರನೆಯ ಮತ್ತು ನಾಲ್ಕನೆಯ ಅಧ್ಯಾಯಗಳನ್ನು ಬಯಸುವ ಯಾವ ಕುಲಪತಿಗಳಿಗಾದರೂ ಕಳುಹಿಸಲು ಸಿದ್ಧಳಿದ್ದೇನೆ. ಓದಿ, ತಪ್ಪಿದ್ದರೆ ಅಂಚಿನಲ್ಲಿ ಬರೆದು ಹಿಂದಿರುಗಿಸಿ. ಯುನಿಕೋಡ್‌ನಲ್ಲಿದೆ, ಶಾಸನಗಳನ್ನು ಮತ್ತೆ ಅಕ್ಷರದಲ್ಲಿ ಸೇರಿಸಿದ್ದೇನೆ.

ಇಂತಿ,
ಗೌರವಗಳೊಂದಿಗೆ,
ಇತಿಹಾಸದ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ
ಕೋಲಾರ ಜಿಲ್ಲೆ